ಫೋಟೊದಲ್ಲಿ ಸರಿಯಿದ್ದ ಭಿನ್ನರಾಶಿ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿ. ವರ್ಷ 2023–24, ವಿಷಯ ಗಣಿತ. ಭಾಗಲಬ್ಧ ಸಂಖ್ಯೆಗಳ ಘಟಕಕ್ಕೆ ಮೊದಲು ಒಂದು ನೈದಾನಿಕ ಪರೀಕ್ಷೆ ಕೊಟ್ಟೆ. 1/2 + 1/3 = 2/5 ಎಂದು ಬರೆದವರೇ ಹೆಚ್ಚು. ಭಿನ್ನರಾಶಿ ಗಟ್ಟಿಯಾಗಬೇಕಿದ್ದ ಐದನೇ ತರಗತಿಯಲ್ಲಿ ಇವರು ಮನೆಯಲ್ಲಿದ್ದರು. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮವೂ ಅಕ್ಟೋಬರ್‌ನಲ್ಲಿ ನಿಂತಿತು. ಆಮೇಲೆ ಉಳಿದದ್ದು ವಾಟ್ಸ್‌ಆ್ಯಪ್ ಮತ್ತು ಮನೆಯವರು.

‘ಪಾಲಕರು ಗಮನ ಕೊಡಲಿಲ್ಲ’ ಎಂಬ ಮಾತು ನಮ್ಮ ನಡುವೆ ಬಹಳ ಸುಲಭವಾಗಿ ಬರುತ್ತದೆ. ವ್ಯಕ್ತಿ ಅಧ್ಯಯನಕ್ಕೆಂದು ಎರಡು ಮನೆಗಳಿಗೆ ಹೋದ ಮೇಲೆ ನನಗೆ ಆ ಮಾತು ಹೇಳುವುದು ಕಷ್ಟವಾಗಿದೆ.

ಮೊದಲ ಮನೆಯ ತಂದೆ ಆ ವರ್ಷದ ಅಭ್ಯಾಸ ಹಾಳೆಗಳನ್ನೆಲ್ಲ ಫೈಲಿನಲ್ಲಿಟ್ಟಿದ್ದರು. ಲೆಕ್ಕಗಳೆಲ್ಲ ಸರಿ, ಅಕ್ಷರ ಮಾತ್ರ ದೊಡ್ಡವರದು. “ಸಂಜೆಯೊಳಗೆ ಫೋಟೊ ಹಾಕ್ಬೇಕಿತ್ತಲ್ಲ ಮೇಡಂ, ಅಪ್ಪನೇ ಬರೀತಿದ್ರು” ಎಂದ ಹುಡುಗ. ತಂದೆ ನಕ್ಕರು. ಅವರನ್ನು ದೂರುವುದು ಹೇಗೆ? ಶಾಲೆ ಕೇಳಿದ್ದು ಫೋಟೊ, ಅವರು ಕೊಟ್ಟದ್ದೂ ಫೋಟೊ.

ಇನ್ನೊಂದು ಮನೆಯ ತಾಯಿ ಅಡಿಕೆ ಸುಲಿಯಲು ಹೋಗುವವರು, ಓದು ಬಾರದು. ಇದ್ದ ಒಂದು ಮೊಬೈಲು ಗಂಡನ ಜೊತೆ ರಾತ್ರಿಯೇ ಮನೆಗೆ ಬರುತ್ತಿತ್ತು. “ನಂಗೆಂತ ಗೊತ್ತಾಗ್ತದೆ ಮೇಡಂ? ಇವತ್ತೆಂತ ಪಾಠ, ಹೇಳು ಅಂತಿದ್ದೆ. ತಿಳೀದಿದ್ರೆ ಇನ್ನೊಂದ್ಸಲ ಹೇಳು ಅಂತಿದ್ದೆ” ಎಂದರು. ಅಕ್ಕಿರೊಟ್ಟಿ ಮುರಿದು ಅಮ್ಮನಿಗೆ ಪಾಠ ಹೇಳಿದ್ದು ಮಗಳಿಗೆ ಇನ್ನೂ ನೆನಪಿದೆ. ಅರ್ಧ ರೊಟ್ಟಿಗೆ ಇನ್ನೊಂದಿಷ್ಟು ಸೇರಿದರೆ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ ಎಂದು ತರಗತಿಯಲ್ಲಿ ಕೇಳಿದವಳು ಅವಳೊಬ್ಬಳೇ. (ದಶಮಾಂಶದಲ್ಲಿ ಅವಳೂ ತಡವರಿಸುತ್ತಾಳೆ, ಅದು ಬೇರೆ ಮಾತು.)

ಎರಡು ಮನೆ ನೋಡಿ ಸಿದ್ಧಾಂತ ಕಟ್ಟುವಷ್ಟು ಧೈರ್ಯ ನನಗಿಲ್ಲ. ಆದರೆ ಮನೆಗೆಲಸವನ್ನು ಬದಲಿಸಿದೆ: ಇವತ್ತಿನ ಪಾಠವನ್ನು ಮನೆಯಲ್ಲಿ ಯಾರಿಗಾದರೂ ಹೇಳಿ, ಅವರು ಕೇಳಿದ ಒಂದು ಪ್ರಶ್ನೆಯನ್ನು ಬರೆದುಕೊಂಡು ಬನ್ನಿ. ಇದು ಪಾಲಕರ ಮೇಲೆ ಹೊರೆಯಾಗುವುದಿಲ್ಲವೇ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಯಾರೂ ಪುರುಸೊತ್ತಾಗಿ ಸಿಗಲಿಲ್ಲ ಎಂದು ಖಾಲಿ ಪುಟ ತಂದವರೂ ಇದ್ದರು. ಅವರಿಗೆ ಪಕ್ಕದ ಬೆಂಚಿನವರನ್ನೇ ಮನೆಯವರನ್ನಾಗಿ ಮಾಡಿದೆ.

ಬಂದ ಪ್ರಶ್ನೆಗಳು ಮಾತ್ರ ನನ್ನ ಪಾಠಯೋಜನೆಗಿಂತ ಚೆನ್ನಾಗಿದ್ದವು. “ಅಚ್ಚೇರಿಗೆ ಒಂದು ಪಾವು ಸೇರಿಸಿದ್ರೆ ಸೇರಿಗೆ ಎಷ್ಟು ಕಮ್ಮಿ?” ಎಂದು ಒಬ್ಬಳ ಅಜ್ಜಿ ಕೇಳಿದ್ದರು. ಪಾವೆಂದರೆ ಕಾಲು ಸೇರು ಎಂದು ಗೊತ್ತಿದ್ದವರು ತರಗತಿಯಲ್ಲಿ ನಾಲ್ಕೇ ಮಂದಿ; ಅವರು ಉಳಿದವರಿಗೆ ಹೇಳಿಕೊಟ್ಟರು. ಅಪ್ಪ ಅಮ್ಮ ಇಬ್ಬರೂ ತಡವಾಗಿ ಮನೆಗೆ ಬರುವ ಹುಡುಗನೊಬ್ಬ ಎರಡನೇ ತರಗತಿಯ ತಂಗಿಗೆ ಪಾಠ ಹೇಳಿದ್ದ. ಅವಳು ಕೇಳಿದ್ದು: “ಮೂರು ಪಾಲು ಮಾಡಿದ್ರೆ ದೊಡ್ಡ ಪಾಲು ಯಾರಿಗೆ?” ಸಮಪಾಲು ಎಂಬ ಮಾತನ್ನು ಅವನು ಅವಳಿಗೆ ಹೇಳಿರಲೇ ಇಲ್ಲ. ಮರುದಿನದ ಅರ್ಧ ಅವಧಿ ಆ ಪ್ರಶ್ನೆಗೇ ಹೋಯಿತು.