ದೇವಿಯ ಸೀರೆ ಕೆಂಪು

ಹುಲಿಗಿ, 21 ಮೇ 2024, ಮಂಗಳವಾರ

ಬೆಳಗಿನಿಂದ ಗುಡಿ ರಸ್ತೆ ತುಂಬ ಭಕ್ತರು. ಸಂಜೆ ನನ್ನ ಫೋಟೊ ಸ್ಟುಡಿಯೊ ಖಾಲಿಯಾದ ಮೇಲೆ ಕಿನ್ನಾಳದ ಚಿತ್ರಗಾರರ ಫೋನು: "ಈ ಕೆಂಪು ನಮ್ಮ ಕಡೇದಲ್ರಿ, ಸತ್ತಂಗ ಐತಿ."

ಮಳೆನೀರು ಬಿದ್ದು ಬಣ್ಣ ಎದ್ದುಹೋದ ಮನೆದೇವಿಯ ಕಟ್ಟಿಗೆ ಮೂರ್ತಿ ಅವರ ಕೈಯಲ್ಲಿದೆ. ಮೊದಲಿನ ಬಣ್ಣಕ್ಕೆ ಸಾಕ್ಷಿ ಹೋದ ವರ್ಷ ನಾನು ತೆಗೆದ ಫೋಟೊ ಒಂದೇ. ಮೂರ್ತಿಯ ಮನೆಯವರು ಅದನ್ನು ಮೊಬೈಲಿನ ಯಾವುದೋ ಆ್ಯಪ್‌ನಲ್ಲಿ ಕತ್ತರಿಸಿ ಕಳಿಸಿದ್ದಾರೆ. ಆ ನಕಲಿನಲ್ಲಿ ಸೀರೆ ಕಾವಿಗೆ ತಿರುಗಿದೆ, ರವಿಕೆಯ ಹಸಿರು ಸೊರಗಿದೆ. ಅನುಮಾನ ಬಂದದ್ದೇ ಚಿತ್ರಗಾರರು ಕುಂಚ ಮುಟ್ಟಲಿಲ್ಲ. ದೊಡ್ಡ ಮಾತು.

22 ಮೇ, ಬುಧವಾರ

ಮೂಲ, ನಕಲು ಎರಡನ್ನೂ ಅಕ್ಕಪಕ್ಕ ತೆರೆದು ಸೀರೆಯ ಒಂದೇ ಜಾಗದಲ್ಲಿ, ಬಣ್ಣದ ಅಂಕಿ ಓದುವ ಡ್ರಾಪರ್ ಇಟ್ಟೆ. ಮೂಲದಲ್ಲಿ ಕೆಂಪು, ಹಸಿರು, ನೀಲಿ ಕ್ರಮವಾಗಿ 188, 34, 31. ನಕಲಿನಲ್ಲಿ 189, 33, 31. ಅಂಕಿ ಬಹುತೇಕ ಅವೇ, ಕಣ್ಣಿಗೆ ಮಾತ್ರ ಬೇರೆ! ಅಂದರೆ ಬಣ್ಣವನ್ನು ಯಾರೂ ತಿದ್ದಿಲ್ಲ, ಅಂಕಿಗಳನ್ನು ಹೇಗೆ ಓದಬೇಕೆಂದು ಹೇಳುವ ಪ್ರೊಫೈಲ್ ಕಳಚಿಬಿದ್ದಿದೆ.

ನನ್ನ ಕ್ಯಾಮೆರಾ ಅಡೋಬಿ ಆರ್‌ಜಿಬಿಯಲ್ಲಿ ಬರೆಯುತ್ತದೆ, 1998ರ ಪದ್ಧತಿ. ಪ್ರೊಫೈಲ್ ಇಲ್ಲದ ಚಿತ್ರವನ್ನು ಮೊಬೈಲು ಎಸ್‌ಆರ್‌ಜಿಬಿ ಎಂದೇ ಓದುತ್ತದೆ. ಅದು ಎಚ್‌ಪಿ, ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟದ್ದು. ಎಸ್‌ಆರ್‌ಜಿಬಿಯ ಅಚ್ಚ ಕೆಂಪು 255, ಅಡೋಬಿಯಲ್ಲಿ ಅದೇ ಕೆಂಪಿಗೆ 219 ಸಾಕು. ಆ 219ನ್ನು ಎಸ್‌ಆರ್‌ಜಿಬಿ ಲೆಕ್ಕದಲ್ಲಿ ಓದಿದರೆ ಕೆಂಪು ಮಂಕಾಗದೆ ಇನ್ನೇನಾದೀತು?

ನಕಲಿಗೆ 'ಅಸೈನ್' ಆಯ್ಕೆಯಲ್ಲಿ ಅಡೋಬಿ ಪ್ರೊಫೈಲ್ ಕೊಟ್ಟ ತಕ್ಷಣ ಕುಂಕುಮದ ಕೆಂಪು ಮರಳಿ ಬಂತು. ಇಲ್ಲಿ 'ಕನ್ವರ್ಟ್' ಒತ್ತಿದ್ದರೆ ಮಂಕು ಬಣ್ಣವೇ ಹೊಸ ಅಂಕಿಗಳಲ್ಲಿ ಕಾಯಂ ಆಗುತ್ತಿತ್ತು. ಅಸೈನ್ ಅಂಕಿ ಮುಟ್ಟುವುದಿಲ್ಲ, ಅರ್ಥ ಬದಲಿಸುತ್ತದೆ. ಕನ್ವರ್ಟ್ ನೋಟ ಉಳಿಸಿ ಅಂಕಿ ಬದಲಿಸುತ್ತದೆ.

ಆದರೂ ಹಿಗ್ಗಿಸಿ ನೋಡಿದರೆ ಕೆಂಪು ಅಂಚು ಹಸಿರಿನೊಳಗೆ ಕದಡಿದೆ. ಆ ಆ್ಯಪ್ ಜೆಪಿಇಜಿಯಾಗಿ ಮತ್ತೆ ಉಳಿಸುವಾಗ ಬೆಳಕಿನ ವಿವರ ಕಾಯ್ದು ಬಣ್ಣದ ವಿವರ ಕಡಿಮೆ ಮಾಡಿದೆ. ಹೋದದ್ದು ಮರಳಿ ಬರುವುದಿಲ್ಲ. ನಕಲು ಬಿಟ್ಟು ಮೂಲದಿಂದಲೇ ಹೊಸದಾಗಿ ಕತ್ತರಿಸಿ, ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಪ್ರೊಫೈಲ್ ಸಹಿತ ಪೆನ್‌ಡ್ರೈವ್‌ಗೆ ಹಾಕಿದೆ. ವಾಟ್ಸಾಪ್‌ ಬೇಡ, ಅದು ಚಿತ್ರವನ್ನು ಮತ್ತೆ ಕುಗ್ಗಿಸೀತು.

24 ಮೇ, ಶುಕ್ರವಾರ

ನಿನ್ನೆ ಹುಣ್ಣಿಮೆ, ಗುಡಿಗೆ ಬಂದವರ ಗದ್ದಲದಲ್ಲಿ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಇವತ್ತು ಕಿನ್ನಾಳಕ್ಕೆ ಹೋದೆ. ಲ್ಯಾಪ್‌ಟಾಪಿನಲ್ಲಿ ಫೋಟೊ ನೋಡಿದ್ದೇ ಚಿತ್ರಗಾರರು ಮೂರ್ತಿ ಹೊರಳಿಸಿ ಬೆನ್ನಿನ ನೆರಿಗೆ ತೋರಿಸಿದರು. ಅಲ್ಲಿ ಉಗುರಷ್ಟು ಹಳೆ ಕೆಂಪು ಉಳಿದಿತ್ತು. ಪರದೆಗೆ ಹತ್ತಿರ ಹಿಡಿದರೆ ಹೊಂದುತ್ತದೆ, ಆದರೆ ತದ್ರೂಪ ಅಲ್ಲ. ಪರದೆಯ ಬೆಳಕು ಬೇರೆ, ಬಣ್ಣದ ಮೇಲೆ ಬೀಳುವ ಬೆಳಕು ಬೇರೆ. ಕೆಂಪನ್ನು ಆ ಚೂರು ನೋಡಿ ಕಲಸುವುದು, ಅಂಚು ಎಲ್ಲಿ ಮುಗಿದು ಹಸಿರು ಎಲ್ಲಿ ಶುರು ಎಂಬುದಕ್ಕೆ ಫೋಟೊ ಎಂದು ತೀರ್ಮಾನವಾಯಿತು. ಮೂರ್ತಿಗೆ ಬಳಿಯುವ ಹುಣಸೆಬೀಜದ ಸರಿ ಒಣಗಿದ ಮೇಲೆ ಬಣ್ಣ.