ಎರಡು ಗಂಟೆಯ ಅತಿಥಿಗಳು

ಅಮೆರಿಕೆಯ ಕೊಲೊರಾಡೊ ಸಂಸ್ಥಾನದ ನೈಋತ್ಯ ಭಾಗದಲ್ಲಿ ಡುರಾಂಗೊ ಎಂಬ ಊರಿದೆ. ಅಲ್ಲಿಂದ ಸಿಲ್ವರ್‌ಟನ್ ಎಂಬ ಬೆಟ್ಟದೂರಿಗೆ ಇಂದಿಗೂ ಉಗಿಬಂಡಿ ಓಡುತ್ತದೆ. ಮಗಳ ಮನೆಗೆ ಹೋಗಿದ್ದ ಬೇಸಿಗೆಯಲ್ಲಿ ಅದನ್ನೇರುವ ಯೋಗ ನಮ್ಮ ದಂಪತಿಗಳಿಗೂ ಒದಗಿತು. ದಾರಿಗೆಂದು ಮಗಳು ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಟ್ಟಿದ್ದಳು.

ಬೆಟ್ಟದ ಅದಿರನ್ನು ಕೆಳಗಿಳಿಸಲೆಂದು ಹಾಕಿದ ಈ ಹಳಿ 1882ರಲ್ಲಿ ಸಿಲ್ವರ್‌ಟನ್ನನ್ನು ಮುಟ್ಟಿತು. ಕಂಬಿಗಳ ನಡುವಣ ಅಂತರ ಮೂರೇ ಅಡಿ. ದೂರ ಸುಮಾರು 72 ಕಿಲೋಮೀಟರು. ಅನಿಮಾಸ್ ನದಿಯ ಕಣಿವೆಯಂಚನ್ನು ಹಿಡಿದು ಮೆಲ್ಲನೆ ಏರುವ ಬಂಡಿಗೆ ಇಷ್ಟು ದೂರಕ್ಕೆ ಮೂರೂವರೆ ಗಂಟೆ ಬೇಕು.

ಸಿಲ್ವರ್‌ಟನ್ ಇರುವುದು 9,318 ಅಡಿ ಎತ್ತರದಲ್ಲಿ. 2020ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ 622. ಊರಿಗೆ ಅನ್ನವಿಕ್ಕುತ್ತಿದ್ದ ಸನ್ನಿಸೈಡ್ ಗಣಿ 1991ರಲ್ಲಿ ಮುಚ್ಚಿತು. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದುದು ಇಲ್ಲಿ ನೆನಪಾಗದಿರದು. ಕೋಲಾರದ ಗಣಿಯೂರಿನ ಎಷ್ಟೋ ಜನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಲ್ಲಿ ರೈಲು ಊರಿನವರನ್ನು ಹೊರಗೊಯ್ಯುತ್ತದೆ. ಇಲ್ಲಿ ಹೊರಗಿನವರನ್ನು ಊರಿಗೆ ತರುತ್ತದೆ.

ಬಂಡಿ ಸಿಲ್ವರ್‌ಟನ್ನಿನಲ್ಲಿ ನಿಲ್ಲುವುದು ಸುಮಾರು ಎರಡು ಗಂಟೆ. ಆ ಅವಧಿಯಲ್ಲೇ ಊಟದ ಮನೆಗಳು, ಮಿಠಾಯಿ ಅಂಗಡಿಗಳು, ಟೋಪಿ-ಕಂಬಳಿ ಮಾರುವವರು ದಿನದ ವ್ಯಾಪಾರವನ್ನು ಮಾಡಿಕೊಳ್ಳಬೇಕು. ಚಳಿಗಾಲದಲ್ಲಿ ಬಂಡಿ ಅರ್ಧ ದಾರಿಯಿಂದಲೇ ಹಿಂದಿರುಗುತ್ತದೆ. ಆದ್ದರಿಂದ ಬೇಸಿಗೆಯ ಗಳಿಕೆಯೇ ವರ್ಷಕ್ಕೆ ಆಧಾರ.

ಈ ಆಧಾರವೆಷ್ಟು ತೆಳುವಾದುದೆಂಬುದು 2018ರಲ್ಲಿ ತಿಳಿಯಿತು. ಜೂನ್ 1ರಂದು ಹಳಿಯ ಬದಿಯ ಕಾಡಿಗೆ ಬೆಂಕಿ ಹತ್ತಿ 50 ಸಾವಿರ ಎಕರೆಗೂ ಮಿಕ್ಕಿ ಸುಟ್ಟಿತು. ಸುಮಾರು ಆರು ವಾರ ಬಂಡಿ ಓಡಲಿಲ್ಲ. ತುಂಬು ಹಂಗಾಮಿನಲ್ಲಿ ಬೀದಿಗಳು ಬರಿದಾದವು. ಇಂಜಿನ್ನಿನ ಕಿಡಿಯೇ ಬೆಂಕಿಗೆ ಮೂಲವೆಂದು ಸರ್ಕಾರ ಮರುವರ್ಷ ದಾವೆ ಹೂಡಿತು. 2022ರಲ್ಲಿ ಎರಡು ಕೋಟಿ ಡಾಲರಿಗೆ ರಾಜಿಯಾಯಿತು. ಬೆಂಕಿಯ ಅನಂತರದ ವರ್ಷಗಳಲ್ಲಿ ಉಗಿ ಇಂಜಿನ್ನುಗಳನ್ನು ಕಲ್ಲಿದ್ದಲಿನ ಬದಲು ಎಣ್ಣೆಯಿಂದ ಓಡುವಂತೆ ಮಾರ್ಪಡಿಸಿದರು. ಊರನ್ನು ಸಾಕುವ ಬಂಡಿ ಕಾಡನ್ನೂ ಕಾಯಬೇಕಷ್ಟೆ.

ಮಧ್ಯಾಹ್ನ ನಾವು ಒಂದು ಬೆಂಚಿನ ಮೇಲೆ ಕುಳಿತು ಬುತ್ತಿ ಬಿಚ್ಚಲು ತೊಡಗಿದೆವು. ಎದುರಿನ ಚಿಕ್ಕ ಊಟದ ಮನೆಯ ಬಾಗಿಲಲ್ಲಿ ವೃದ್ಧೆಯೊಬ್ಬರು ಬಂದವರನ್ನು ನಗುಮುಖದಿಂದ ಬರಮಾಡಿಕೊಳ್ಳುತ್ತಿದ್ದರು. ಅವರಿಗಿದ್ದುದು ಎರಡೇ ಗಂಟೆ. ಊರು ನೋಡಲು ಬಂದು, ಊರಿನ ನೀರು ಕುಡಿದು, ಮನೆಯ ರೊಟ್ಟಿ ತಿಂದು ಹೋದರೆ ನಮ್ಮಿಂದ ಆ ಊರಿಗೇನು ದಕ್ಕಿತು? ಮಿತವ್ಯಯವೆಂದು ಬಗೆದದ್ದು ಆ ಕ್ಷಣಕ್ಕೆ ಜಿಪುಣತನವೆನಿಸಿತು. ಬುತ್ತಿ ಕಟ್ಟಿಟ್ಟು ಒಳಗೆ ಹೋದೆವು. ಮಾಂಸ ಬೇಡವೆಂದಾಗ ಆ ತಾಯಿ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡುಗಳನ್ನು ಆದರದಿಂದ ತಂದಿಟ್ಟರು.

ಹೋದ ಊರಿನಲ್ಲಿ ಒಂದು ಹೊತ್ತು ಕೊಂಡುಣ್ಣುವುದೂ ಆ ಊರಿಗೆ ಸಲ್ಲಿಸುವ ಋಣವೇ. ಮಗಳ ರೊಟ್ಟಿಯನ್ನು ಹಿಂದಿರುಗುವ ಬಂಡಿಯಲ್ಲಿ ತಿಂದೆವು. ಅದರ ರುಚಿಯೇನೂ ಕಡಿಮೆಯಾಗಿರಲಿಲ್ಲ.