ಕಾಣುವ ಶೃಂಗಾರ, ಕಾಣದ ಕಾಯಕ



ವಚನ ಸಾಹಿತ್ಯವನ್ನು ಓದುವವರಿಗೆ ಸ್ಥಾವರ ಮತ್ತು ಜಂಗಮ ಎಂಬ ಪದಗಳು ಚಿರಪರಿಚಿತ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ ಎಂಬುದು ಅವುಗಳ ಮೇಲ್ನೋಟದ ಅರ್ಥ. ಹಾಸನ ಜಿಲ್ಲೆಯ ಹಗರೆಯಲ್ಲಿ ನಿಂತು ನೋಡಿದರೆ ಈ ಎರಡೂ ಪದಗಳು ಕಣ್ಣೆದುರಿಗೇ ಬಂದಂತಾಗುತ್ತದೆ. ಹಾಸನದಿಂದ ಬೇಲೂರಿಗೆ ಹೋಗುವ ಹೆದ್ದಾರಿಯಲ್ಲಿರುವ ಈ ಊರಿನಲ್ಲಿ ಹಳೇಬೀಡಿನ ರಸ್ತೆ ಕವಲೊಡೆಯುತ್ತದೆ. ಒಂದು ದಾರಿ 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯಕ್ಕೆ, ಇನ್ನೊಂದು ಅದೇ ಶತಮಾನದ ಹೊಯ್ಸಳೇಶ್ವರ ದೇವಾಲಯಕ್ಕೆ. ಎರಡನ್ನೂ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವು ಎಂಟು-ಒಂಬತ್ತು ಶತಮಾನಗಳಿಂದ ನಿಂತಲ್ಲೇ ನಿಂತಿವೆ. ಅವುಗಳನ್ನು ನೋಡಲು ಹೋಗುವವರ ಬಸ್ಸು-ಕಾರುಗಳು, ಆಲೂಗಡ್ಡೆ, ಮುಸುಕಿನ ಜೋಳ ಹೊತ್ತ ಟ್ರ್ಯಾಕ್ಟರುಗಳು ಹಗಲಿರುಳೂ ಚಲಿಸುತ್ತಲೇ ಇವೆ.

ಆದರೆ ಚಲಿಸುವುದೆಲ್ಲವೂ ಜಂಗಮವಾದೀತೆ? ಗಾಳಿಗೆ ಹಾರುವ ತರಗೆಲೆಯೂ ಚಲಿಸುತ್ತದೆ. ಅರಿವಿನಿಂದ ಚಲಿಸುವುದು, ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲುದು ಮಾತ್ರ ಜಂಗಮ. ಈ ಮಾತನ್ನು ಮನಗಾಣಿಸುವ ಒಂದು ಪ್ರಸಂಗ ಹಗರೆಯ ಸದ್ಭಕ್ತ ಮನೆತನವೊಂದರಲ್ಲಿ ನಡೆದದ್ದುಂಟು. ಅದರ ಕೇಂದ್ರದಲ್ಲಿರುವುದು ಒಂದು ಕಾರು ಎಂದರೆ ಓದುಗರು ಹುಬ್ಬೇರಿಸಬಾರದು. ಹಗ್ಗ, ದೋಣಿ, ಬಿದಿರ ಬುಟ್ಟಿ, ಒಗೆಯುವ ಬಟ್ಟೆಗಳಲ್ಲಿ ಶಿವತತ್ವವನ್ನು ಕಂಡ ಶರಣರ ಪರಂಪರೆ ನಮ್ಮದು.

ಆ ಮನೆಯ ಹಿರಿಯರು 2008ರಲ್ಲಿ ಒಂದು ಮಾರುತಿ ಸ್ವಿಫ್ಟ್ ಕೊಂಡಿದ್ದರು. 2005ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಈ ಗಾಡಿ ಚಿಕ್ಕದಾದರೂ ಚುರುಕಿನದು. ಮೊದಲ ವರ್ಷಗಳ ಪೆಟ್ರೋಲ್ ಮಾದರಿಯಲ್ಲಿ 1298 ಸಿ.ಸಿ. ಎಂಜಿನ್ ಇತ್ತು. 2010ರಲ್ಲಿ ಅದರ ಬದಲಿಗೆ 1197 ಸಿ.ಸಿ. ಎಂಜಿನ್ ಬಂದ ಮೇಲೆ, ಹಳೆಯದರ ಓಟವನ್ನು ಮೆಚ್ಚಿದ ತರುಣರು ಅದನ್ನು ಹುಡುಕಿಕೊಂಡು ಹೋಗುವುದುಂಟು. ಹಿರಿಯರು ಲಿಂಗೈಕ್ಯರಾದ ಮೇಲೆ ಗಾಡಿ ಮಗನ ಕೈಗೆ ಬಂದಿತು. ಹಾಸನದಲ್ಲಿ ನೌಕರಿಯಲ್ಲಿದ್ದ ಆತನಿಗೆ ಬಾಲ್ಯದಿಂದಲೂ ಕಾರುಗಳೆಂದರೆ ಪ್ರಾಣ. ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ಕಚ್ಚಾ ದಾರಿಗಳಲ್ಲಿ ರಾಷ್ಟ್ರಮಟ್ಟದ ರ‍್ಯಾಲಿ ನಡೆದಾಗಲೆಲ್ಲ ದೂಳಿನಲ್ಲಿ ನಿಂತು ನೋಡಿಬಂದವನು. ಸಂಬಳದಲ್ಲಿ ಉಳಿದ ಹಣವನ್ನೆಲ್ಲ ಆ ಗಾಡಿಗೆ ಸುರಿಯತೊಡಗಿದನು.

ಮೊದಲು ಸೈಲೆನ್ಸರ್ ಹೋಯಿತು. ಅದರ ಜಾಗಕ್ಕೆ ಗುಡುಗುವ ದಪ್ಪ ಕೊಳವೆ ಬಂದಿತು. ಡಬ್ಬಿಯೊಳಗೆ ಭದ್ರವಾಗಿದ್ದ ಏರ್ ಫಿಲ್ಟರ್ ಹೋಗಿ ಶಂಕುವಿನಾಕಾರದ ತೆರೆದ ಫಿಲ್ಟರ್ ಬಂದಿತು. ಸ್ಪ್ರಿಂಗುಗಳನ್ನು ಬದಲಿಸಿ ಗಾಡಿಯನ್ನು ನೆಲಕ್ಕೆ ಹತ್ತಿರ ಇಳಿಸಲಾಯಿತು. 14 ಇಂಚಿನ ಗಾಲಿಗಳಿದ್ದೆಡೆ 16 ಇಂಚಿನ ಹೊಳೆಯುವ ಗಾಲಿಗಳು ಬಂದವು. ಹಿಂಬದಿಗೆ ರೆಕ್ಕೆ, ಪಕ್ಕಕ್ಕೆ ಪಟ್ಟೆ. ಕಳಚಿದ ಹಳೆಯ ಭಾಗಗಳನ್ನು ಗುಜರಿಗೆ ಹಾಕಲು ಹೊರಟಾಗ ತಾಯಿಯವರು ತಡೆದರು. ಪತಿ ಕೊಂಡ ಗಾಡಿಯ ಸಾಮಾನು ಎಂಬ ಮಮತೆಯಿಂದ ಅವನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇರಿಸಿದರು.

ಈ ಶೃಂಗಾರದಿಂದ ದೊರೆತ ಫಲವೇನು ಎಂಬುದನ್ನು ವಿಚಾರಿಸಬೇಕು. ತೆರೆದ ಫಿಲ್ಟರ್ ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ. ಬಿಸಿಗಾಳಿ ತೆಳುವಾದದ್ದು, ಅದರಿಂದ ಎಂಜಿನ್ನಿನ ಸದ್ದು ಹೆಚ್ಚುವಷ್ಟು ಶಕ್ತಿ ಹೆಚ್ಚುವುದಿಲ್ಲ. 165/80 ಅಳತೆಯ ಮೂಲ ಟೈರಿನಲ್ಲಿ ಗಾಲಿಗೂ ನೆಲಕ್ಕೂ ನಡುವೆ 132 ಮಿಲಿಮೀಟರ್ ಎತ್ತರದ ರಬ್ಬರಿನ ಗೋಡೆ ಇತ್ತು. ಹೊಸ 195/50 ಟೈರಿನಲ್ಲಿ ಅದು 97.5 ಮಿಲಿಮೀಟರಿಗೆ ಇಳಿಯಿತು. ಗುಂಡಿಯ ಪೆಟ್ಟನ್ನು ನುಂಗಬೇಕಾದ ಆ ಮೆತ್ತೆ ಕಡಿಮೆಯಾದುದರಿಂದ ಪೆಟ್ಟೆಲ್ಲವೂ ಗಾಲಿಗೆ, ಅಲ್ಲಿಂದ ಕುಳಿತವರ ಬೆನ್ನಿಗೆ ತಲುಪಿತು. ಊರೂರಿನ ರಸ್ತೆಯುಬ್ಬಿಗೆ ಗಾಡಿಯ ಹೊಟ್ಟೆ ಉಜ್ಜತೊಡಗಿತು. ಸೊಂಟನೋವಿನ ತಾಯಿ ಹಾಸನದ ಆಸ್ಪತ್ರೆಗೆ ಬಸ್ಸಿನಲ್ಲೇ ಹೋಗುತ್ತೇನೆಂದರು. ರಾತ್ರಿ ಹತ್ತು ಗಂಟೆಗೆ ಆತ ಮನೆಗೆ ಬಂದರೆ ಇಡೀ ಬೀದಿಗೆ ತಿಳಿಯುತ್ತಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ ಪಕ್ಕದ ಮನೆಯ ಮಕ್ಕಳು ಪುಸ್ತಕದಿಂದ ತಲೆಯೆತ್ತುತ್ತಿದ್ದರು.

2021ರಲ್ಲಿ ತಾಯಿಯ ಹರಕೆಯಂತೆ ಧರ್ಮಸ್ಥಳಕ್ಕೆ ಹೊರಟದ್ದಾಯಿತು. ಮಗನ ಮನಸ್ಸು ನೋಯಬಾರದೆಂದು ಅಂದು ತಾಯಿ ಆ ಗಾಡಿಯಲ್ಲೇ ಕುಳಿತರು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ಇಳಿಜಾರು ಆರಂಭವಾಯಿತು. ತಗ್ಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೆ ಇಳಿಯಬೇಕಾದ ದಾರಿಯಲ್ಲಿ ಆತ ಬ್ರೇಕನ್ನೇ ನಂಬಿ ಇಳಿಯುತ್ತಿದ್ದನು. ಅರ್ಧ ದಾರಿ ಕಳೆಯುವಷ್ಟರಲ್ಲಿ ಪೆಡಲು ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ಒತ್ತಿದರೆ ತಳ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಗೇರು ಇಳಿಸಿ, ಕೈಬ್ರೇಕನ್ನು ಮೆಲ್ಲಮೆಲ್ಲನೆ ಎಳೆದು, ಗುಡ್ಡದ ಬದಿಯ ಚರಂಡಿಗೆ ಒಂದು ಗಾಲಿಯನ್ನು ಇಳಿಸಿದ ಮೇಲೆ ಗಾಡಿ ನಿಂತಿತು. ಇನ್ನೊಂದು ಬದಿಯಲ್ಲಿ ಕಣಿವೆ. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಅನಂತರ ತಾಯಿ ಕೇಳಿದ್ದು ಒಂದೇ ಮಾತು:

“ಇಷ್ಟೆಲ್ಲಾ ಹಾಕ್ಸಿದ್ದೀಯಲ್ಲ ಮಗ, ನಿಲ್ಸೋಕೆ ಏನ್ ಹಾಕ್ಸಿದ್ದೀಯ?”

ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಆ ತಾಯಿಯ ಪ್ರಶ್ನೆಯಲ್ಲಿ ಒಂದು ವಚನದ ತಿರುಳೇ ಅಡಗಿದೆ ಎನ್ನಬೇಕು. ಮಗನಿಗೆ ಉತ್ತರವಿರಲಿಲ್ಲ.

ಹಾಸನದ ಹಿರಿಯ ಮೆಕ್ಯಾನಿಕ್ ಒಬ್ಬರು ಆ ಗಾಡಿಯ ಬ್ರೇಕ್ ದ್ರವವನ್ನು ಹೊರತೆಗೆದಾಗ ಅದು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಬ್ರೇಕ್ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ದ್ರವಕ್ಕೆ ಈ ಮಿತಿ 140 ಡಿಗ್ರಿ ಮಾತ್ರ. ಘಾಟಿಯಲ್ಲಿ ಸತತವಾಗಿ ಬ್ರೇಕ್ ಒತ್ತಿದಾಗ ಹುಟ್ಟುವ ಕಾವಿಗೆ ಹಳೆಯ ದ್ರವ ಕುದಿದು ಆವಿಯಾಗುತ್ತದೆ. ದ್ರವವನ್ನು ಅದುಮಿ ಒತ್ತಡವನ್ನು ಗಾಲಿಗೆ ಮುಟ್ಟಿಸಬಹುದು. ಆವಿಯನ್ನು ಅದುಮಿದರೆ ಅದು ಕುಗ್ಗುತ್ತದೆಯೇ ಹೊರತು ಒತ್ತಡ ಮುಟ್ಟುವುದಿಲ್ಲ. ಆದುದರಿಂದಲೇ ಪೆಡಲು ತಳ ಮುಟ್ಟಿತು. ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ದ್ರವದ ಬೆಲೆ, ಆತ ಹಚ್ಚಿಸಿದ ಪಟ್ಟೆಗಳ ಬೆಲೆಗಿಂತ ಕಡಿಮೆ.

“ನಿಮ್ಮ ತಂದೆ ಇದನ್ನ ಒಂದು ಸಲವೂ ತಪ್ಪಿಸಿರಲಿಲ್ಲಪ್ಪ” ಎಂದು ಮೆಕ್ಯಾನಿಕ್ ಹೇಳಿದಾಗ ಯುವಕ ತಲೆ ತಗ್ಗಿಸಿದನು. ಮನೆಗೆ ಬಂದು ಗಾಡಿಗೆ ತಾನು ಮಾಡಿದ ವೆಚ್ಚವನ್ನು ಒಂದು ನೋಟುಪುಸ್ತಕದಲ್ಲಿ ಬರೆಯಲು ಕುಳಿತನು. ಕಾಣುವ ಭಾಗಗಳಿಗೆ ಒಂದು ಸಾಲು, ಕಾಣದ ಭಾಗಗಳಿಗೆ ಒಂದು ಸಾಲು. ಮೊದಲನೆಯದು ಪುಟ ತುಂಬಿತು. ಎರಡನೆಯದರಲ್ಲಿ ಎಂಜಿನ್ ಆಯಿಲ್ ಒಂದನ್ನು ಬಿಟ್ಟು ಬೇರೇನೂ ಇರಲಿಲ್ಲ.

ಲೆಕ್ಕ ಬರೆಯುವುದು ಶರಣ ಪರಂಪರೆಗೆ ಹೊರಗಿನ ಕೆಲಸವಲ್ಲ. ಬಸವಣ್ಣನವರು ಕರಣಿಕರಾಗಿ, ಭಂಡಾರಿಗಳಾಗಿ ಲೆಕ್ಕ ನೋಡಿದವರು. ಶರಣರ ಚರಿತ್ರೆಯನ್ನು ರಗಳೆಗಳಲ್ಲಿ ಹಾಡಿದ ಹರಿಹರನು ಹಗರೆಗೆ ಸಮೀಪದ ಇದೇ ಹಳೇಬೀಡಿನಲ್ಲಿ, ಅಂದಿನ ದೋರಸಮುದ್ರದಲ್ಲಿ, ಹೊಯ್ಸಳರ ಕರಣಿಕನಾಗಿದ್ದು ಬಳಿಕ ಹಂಪೆಗೆ ತೆರಳಿದನೆಂದು ಸಂಪ್ರದಾಯ ಹೇಳುತ್ತದೆ. ಲೆಕ್ಕವೆಂದರೆ ತನಗೆ ತಾನೇ ಸುಳ್ಳು ಹೇಳಿಕೊಳ್ಳದಿರುವುದು. ಆ ನೋಟುಪುಸ್ತಕದ ಖಾಲಿ ಸಾಲು ಯುವಕನಿಗೆ ಹೇಳಿದ್ದನ್ನು ಬೇರೆ ಯಾರೂ ಹೇಳಲು ಸಾಧ್ಯವಿರಲಿಲ್ಲ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನೆನಪಾಗುತ್ತದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ಸ್ವೀಕರಿಸಲಿಲ್ಲ; ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸುವಂತೆ ಪತಿಯನ್ನು ಕಳುಹಿಸಿದರು. ಅಕ್ಕಿಯೇನೋ ಒಳ್ಳೆಯದೇ. ಆದರೆ ಅಳತೆ ಮೀರಿದ ಒಳ್ಳೆಯದೂ ಕಾಯಕವನ್ನು ಕೆಡಿಸುತ್ತದೆ ಎಂಬುದು ಆ ತಾಯಿಯ ಅರಿವು. ತಂದಲ್ಲಿಗೇ ಹಿಂದಿರುಗಿಸುವುದಕ್ಕೆ ಗಳಿಸುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಹಗರೆಯ ಯುವಕನಿಗೂ ಹಿಂದಿರುಗಿಸುವ ಕಾಲ ಬಂದಿತು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಬಳಿಕ ತಪಾಸಣೆಯಾಗಿ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. 2008ರ ಆ ಗಾಡಿಗೆ 2023ರಲ್ಲಿ ಈ ಸರದಿ ಬಂದಿತು. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೇರೆಗೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಅಟ್ಟದ ಮೇಲಿನ ಗೋಣಿಚೀಲ ಕೆಳಗಿಳಿಯಿತು. ಮೂಲ ಸ್ಪ್ರಿಂಗುಗಳು, ಸೈಲೆನ್ಸರ್, ಫಿಲ್ಟರಿನ ಡಬ್ಬಿ ಇವೆಲ್ಲವೂ ತಮ್ಮ ತಮ್ಮ ಸ್ಥಾನ ಸೇರಿದವು. ತಪಾಸಣೆ ಮುಗಿದ ಮೇಲೆ ಪುನಃ ಬದಲಿಸಿಕೊಳ್ಳುವವರೂ ಲೋಕದಲ್ಲಿದ್ದಾರೆ. ಈತ ಹಾಗೆ ಮಾಡಲಿಲ್ಲ ಎಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ.

ಹಾಗಾದರೆ ಆತ ತನ್ನ ಆಸಕ್ತಿಯನ್ನೇ ತೊರೆದನೇ? ಇಲ್ಲ. ತೊರೆಯಬೇಕೆಂದು ಶರಣರು ಹೇಳಿಯೂ ಇಲ್ಲ. ಇಂದ್ರಿಯಗಳನ್ನು ಬಲವಂತದಿಂದ ಅದುಮಿಡಹೊರಟರೆ ಕೇಡೇ ಹೆಚ್ಚೆಂದು ಬಸವಣ್ಣನವರು ಎಚ್ಚರಿಸಿದ್ದುಂಟು. ಅನುಭವಿಸುವುದನ್ನು ಅರ್ಪಿತವಾಗಿಸಿ ಅನುಭವಿಸುವುದು ಪ್ರಸಾದ ತತ್ವ. ಚೆನ್ನಾಗಿ ಓಡುವ ಗಾಡಿಯನ್ನು ಚೆನ್ನಾಗಿ ನಡೆಸುವ ಸಂತೋಷ ಪಾಪವಲ್ಲ. ಆ ಸಂತೋಷ ಯಾರ ನೋವಿನ ಮೇಲೆ ನಿಂತಿದೆ ಎಂಬುದನ್ನು ಕೇಳಿಕೊಳ್ಳಬೇಕು. ಆತ ಮೆಚ್ಚಿದ ರ‍್ಯಾಲಿಯಲ್ಲಿಯೂ ಇದೇ ಶಿಸ್ತಿದೆ. ಅಲ್ಲಿ ಸ್ಪರ್ಧೆಗೆ ಮುನ್ನ ಪ್ರತಿ ಗಾಡಿಯ ಸುರಕ್ಷತೆಯ ತಪಾಸಣೆ ನಡೆಯುತ್ತದೆ, ಹಂತಗಳ ನಡುವೆ ಮೆಕ್ಯಾನಿಕರು ಗಾಡಿಯನ್ನು ಮತ್ತೆ ಸಿದ್ಧಗೊಳಿಸುತ್ತಾರೆ. ದೂಳಿನಲ್ಲಿ ನಿಂತು ನೋಡುವವರಿಗೆ ವೇಗ ಕಾಣುತ್ತದೆ, ಆ ಕೆಲಸ ಕಾಣುವುದಿಲ್ಲ.

ಈಗ ಆ ಸ್ವಿಫ್ಟಿಗೆ 185/70 ಅಳತೆಯ, 14 ಇಂಚಿನ ಟೈರುಗಳಿವೆ. ಅದೇ ಗಾಡಿಯ ಮೇಲ್ದರ್ಜೆಯ ಮಾದರಿಗೆ ತಯಾರಕರೇ ಕೊಡುತ್ತಿದ್ದ ಅಳತೆಯದು. ಮೂಲ ಟೈರಿಗಿಂತ ಅಗಲ. ಒಟ್ಟು ವ್ಯಾಸದಲ್ಲಿ ಐದು ಮಿಲಿಮೀಟರಿನಷ್ಟೇ ವ್ಯತ್ಯಾಸ. ತಿರುವಿನಲ್ಲಿ ನೆಲವನ್ನು ಕಚ್ಚಿ ಹಿಡಿಯುತ್ತದೆ, ತಾಯಿಯ ಬೆನ್ನನ್ನು ನೋಯಿಸುವುದಿಲ್ಲ. ಹೊಸ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಕೊಳವೆಗಳು, ಹೊಸ ಟೈಮಿಂಗ್ ಬೆಲ್ಟ್ ಬಂದಿವೆ. ಇವು ಯಾವುವೂ ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ, ಯಾರೂ ಮೊಬೈಲಿನಲ್ಲಿ ಚಿತ್ರ ತೆಗೆಯುವುದಿಲ್ಲ. ತಾಯಿ ಮಾತ್ರ ಹಾಸನದ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುವುದನ್ನು ಬಿಟ್ಟಿದ್ದಾರೆ. ಓಣಿಯ ಇನ್ನಿಬ್ಬರು ವೃದ್ಧರೂ ಅವರ ಜೊತೆ ಆ ಗಾಡಿಯಲ್ಲಿ ಹೋಗಿಬರುತ್ತಾರೆ. ಇದನ್ನು ದಾಸೋಹವೆಂದು ಆತ ಕರೆದುಕೊಂಡಿಲ್ಲ. ಕರೆಯಬೇಕಾದ ಅಗತ್ಯವೂ ಇಲ್ಲ.

ಪ್ರತಿದಿನ ಇಷ್ಟಲಿಂಗ ಪೂಜೆಗೆ ಕುಳಿತಾಗ ಮಜ್ಜನ, ವಿಭೂತಿ, ಪತ್ರೆ ಎಂಬ ಕಾಣುವ ಕ್ರಿಯೆಗಳಿವೆ. ಅವುಗಳ ಹಿಂದೆ ಮನಸ್ಸನ್ನು ತೊಳೆದಿಡುವ ಕಾಣದ ಕ್ರಿಯೆಯೊಂದಿದೆ. ಮನಸ್ಸೂ ತೇವ ಹೀರುತ್ತದೆ. ಲೋಕದ ಹೊಗಳಿಕೆ, ಹೋಲಿಕೆ, ಹುರುಡುಗಳು ದಿನದಿನವೂ ಅದರಲ್ಲಿ ಸೇರುತ್ತವೆ. ಸಮತಟ್ಟಾದ ದಾರಿಯಲ್ಲಿ ಅದು ಗೊತ್ತಾಗುವುದಿಲ್ಲ. ಇಳಿಜಾರು ಬಂದಾಗ, ಕಾವೇರಿದಾಗ, ನಿಲ್ಲಬೇಕೆಂದರೂ ನಿಲ್ಲಲಾಗುವುದಿಲ್ಲ. ಆದುದರಿಂದ ತರುಣರು ತಮ್ಮ ವಾಹನಗಳಿಗೆ ಏನನ್ನಾದರೂ ಹಾಕಿಸುವ ಮುನ್ನ ಆ ತಾಯಿಯ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಲಿ. ಟೈರಿನ ಪಟ್ಟೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಿದೆಯೇ, ಬ್ರೇಕ್ ದ್ರವ ಬದಲಿಸಿ ಎಷ್ಟು ಕಾಲವಾಯಿತು ಎಂಬುದನ್ನು ಇಂದೇ ನೋಡಿಕೊಳ್ಳಲಿ. ಹಿರಿಯರಾದವರು ತಮ್ಮ ಅಂತರಂಗದ ಲೆಕ್ಕದ ಪುಸ್ತಕದಲ್ಲಿ ಎರಡನೆಯ ಸಾಲನ್ನು ತೆರೆದು ನೋಡಲಿ.